ವಯ್ಯಾಳಿಯ ಬಯಲು, ಅಶ್ವಸಾಧನೆಯ ಏರುದಾರಿ

ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಓದುವವರಿಗೆ ‘ವೈಹಾಳಿ’ ಎಂಬ ಪದ ಅಪರಿಚಿತವಲ್ಲ. ವಯ್ಹಾಳಿ, ವಯ್ಯಾಳಿ ಎಂಬ ರೂಪಗಳೂ ಅದಕ್ಕಿವೆ. ರಾಜಕುಮಾರನು ಉತ್ತಮಾಶ್ವವನ್ನೇರಿ ವೈಹಾಳಿಗೆ ಹೊರಟನೆಂದು ಕವಿ ಹೇಳಿದಾಗ ಟಿಪ್ಪಣಿಕಾರರು ಬಹುಮಟ್ಟಿಗೆ ‘ಕುದುರೆಸವಾರಿ’ ಎಂದೋ ‘ವಿಹಾರ’ ಎಂದೋ ಅರ್ಥ ಕೊಟ್ಟು ಮುಂದಿನ ಪದ್ಯಕ್ಕೆ ಸಾಗುತ್ತಾರೆ. ಅರ್ಥ ತಪ್ಪಲ್ಲ, ಆದರೆ ಅದು ಎರಡನೆಯ ಅರ್ಥ. ಮೂಲವಾದ ‘ವಾಹ್ಯಾಲೀ’ ಶಬ್ದಕ್ಕೆ ಸಂಸ್ಕೃತ ಕೋಶಗಳು ಕೊಡುವ ಅರ್ಥ ಕುದುರೆಗಳ ದಾರಿ, ಅಂದರೆ ಕುದುರೆಗಳನ್ನು ಓಡಿಸುವುದಕ್ಕೆಂದೇ ಇರುವ ನೆಲ. ಆ ನೆಲದ ಹೆಸರು ಕ್ರಮೇಣ ಅದರ ಮೇಲೆ ನಡೆಯುವ ಕ್ರಿಯೆಯ ಹೆಸರಾಯಿತು. ಶ್ರೀರಂಗದಲ್ಲಿ ಉತ್ಸವಮೂರ್ತಿ ಕುದುರೆವಾಹನದ ಮೇಲೆ ಓಡೋಡಿ ಬರುವುದಕ್ಕೂ ವಯ್ಯಾಳಿಯೆಂದೇ ಹೆಸರು. ಬೆಂಗಳೂರಿನ ವಯ್ಯಾಲಿಕಾವಲ್ ಬಡಾವಣೆಯ ಹೆಸರಿನಲ್ಲಿ ಕಿವಿಗೆ ಕೇಳಿಸುವುದೂ ಇದೇ ಪದ. ಪದ ಉಳಿದರೂ ಅದರೊಳಗಿದ್ದ ನೆಲ ನಮ್ಮ ಓದಿನಿಂದ ಜಾರಿಹೋಗಿದೆ.

ಕುದುರೆಯನ್ನು ಕುರಿತ ನಮ್ಮ ಶಾಸ್ತ್ರಸಾಹಿತ್ಯದಲ್ಲಿಯೂ ನೆಲಕ್ಕೆ ದೊರೆತ ಸ್ಥಾನ ಅಲ್ಪವೇ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಪರಂಪರೆ, ಜಯದತ್ತನ ‘ಅಶ್ವವೈದ್ಯಕ’, ನಕುಲನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಅಶ್ವಶಾಸ್ತ್ರ’, ಕನ್ನಡದಲ್ಲಿ ಜೈನಕವಿ ಅಭಿನವಚಂದ್ರನ ಅಶ್ವಶಾಸ್ತ್ರ ಕೃತಿ, ಇವೆಲ್ಲ ಸೇರುವ ಕ್ಷೇತ್ರ ಬಹಳ ವಿಸ್ತಾರವಾದದ್ದು. ಆ ಪರಂಪರೆಯ ಮುಖ್ಯ ಆಸಕ್ತಿ ಕುದುರೆಯ ಕುಲ, ಹುಟ್ಟಿದ ದೇಶ, ಬಣ್ಣ, ಹಲ್ಲಿನಿಂದ ತಿಳಿಯುವ ವಯಸ್ಸು, ಮೈಮೇಲಿನ ಸುಳಿ, ರೋಗ ಮತ್ತು ಔಷಧ. ಯಾವ ಸುಳಿ ಎಲ್ಲಿದ್ದರೆ ಒಡೆಯನಿಗೆ ಶುಭ, ಎಲ್ಲಿದ್ದರೆ ಅಶುಭ ಎಂಬ ವಿವೇಚನೆ ಪುಟಗಟ್ಟಲೆ ಸಾಗುತ್ತದೆ. ಹೀಗೆ ಲಕ್ಷಣ ನೋಡಿ ಆರಿಸಿ ತಂದ ಕುದುರೆಯನ್ನು ಯಾವ ನೆಲದ ಮೇಲೆ, ಎಷ್ಟು ಏರಿನಲ್ಲಿ, ಎಷ್ಟು ದಿನ ದುಡಿಸಿ ಗಟ್ಟಿಗೊಳಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡೇ ಹೋಗಬೇಕು.

ಕೌಟಿಲ್ಯನಲ್ಲಿ ಸ್ವಲ್ಪ ಸಿಗುತ್ತದೆ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಪ್ರಕರಣವಿದೆ. ಅಲ್ಲಿ ಕುದುರೆಯ ನಡಿಗೆಗಳ ವರ್ಗೀಕರಣವಿದೆ. ನೆಗೆತಗಳಿಗೆ ಕಪಿಪ್ಲುತ, ಭೇಕಪ್ಲುತ, ಕೋಕಿಲಸಂಚಾರಿ, ಬಕಸಂಚಾರಿ ಎಂಬ ಸೊಗಸಾದ ಹೆಸರುಗಳಿವೆ. ರಥದ ಕುದುರೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 6, 9, 12 ಯೋಜನಗಳ ದಾರಿ, ಸವಾರಿಯ ಕುದುರೆಗಳಿಗೆ 5, 7½, 10 ಯೋಜನಗಳ ದಾರಿ ಎಂಬ ಲೆಕ್ಕವಿದೆ. ಹತ್ತನೆಯ ಅಧಿಕರಣಕ್ಕೆ ಬಂದರೆ, ಕಾಳಗದಲ್ಲಿ ಕುದುರೆಗೆ ತಕ್ಕ ನೆಲವೆಂದರೆ ಸಣ್ಣ ಕಲ್ಲು, ಸಣ್ಣ ಗಿಡಮರಗಳಿರುವ, ಹಾರಿ ದಾಟಬಹುದಾದ ಕಿರುಗುಂಡಿಗಳಿರುವ, ಬಿರುಕುಗಳ ತೊಂದರೆ ಹೆಚ್ಚಿಲ್ಲದ ನೆಲ ಎಂಬ ಮಾತು ಬರುತ್ತದೆ. ಯುದ್ಧದ ನೆಲ ಒರಟು ಎಂಬುದು ಕೌಟಿಲ್ಯನಿಗೆ ಗೊತ್ತು. ಅಂಥ ನೆಲಕ್ಕೆ ಕುದುರೆಯನ್ನು ಸಿದ್ಧಗೊಳಿಸುವ ನೆಲ ಹೇಗಿರಬೇಕೆಂಬುದನ್ನು ಅವನು ಬಿಡಿಸಿ ಹೇಳುವುದಿಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ನೆಲದ ಬಗ್ಗೆ ಮಾತನಾಡುತ್ತಾನೆ. ಹನ್ನೆರಡನೆಯ ಶತಮಾನದ ಅವನ ‘ಮಾನಸೋಲ್ಲಾಸ’ದ ವಿನೋದವಿಂಶತಿಯಲ್ಲಿ ಆನೆಗೊಂದು, ಕುದುರೆಗೊಂದು ವಾಹ್ಯಾಳಿಯಿದೆ. ವಾಜಿವಾಹ್ಯಾಳಿಯ ಬಯಲು ಸಮತಟ್ಟಾದದ್ದು, ಕಲ್ಲಿಲ್ಲದ್ದು. ಅಲ್ಲಿ ಕುದುರೆಯ ಗತಿಗಳ ಪ್ರದರ್ಶನವಾಗುತ್ತದೆ, ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡಾಡುವ ಆಟವೂ ನಡೆಯುತ್ತದೆ. ಆದರೆ ಗ್ರಂಥಕಾರನು ಈ ಭಾಗವನ್ನು ‘ವಿನೋದ’ದಲ್ಲಿ ಇಟ್ಟಿದ್ದಾನೆಂಬುದನ್ನು ಮರೆಯಬಾರದು. ಅದು ರಾಜನು ನೋಡುವ, ರಾಜನನ್ನು ಇತರರು ನೋಡುವ ಬಯಲು. ನಮ್ಮ ಕಾವ್ಯಗಳ ವೈಹಾಳಿಗೂ ಇದೇ ಮಾದರಿ ಎಂದು ನನಗನ್ನಿಸುತ್ತದೆ. ಶಾಸನಗಳಲ್ಲಿ ಹೆಸರು ಕಾಣುವ ಸಾಹಣಿಗಳು, ಅವರ ಕೈಕೆಳಗಿನ ಲಾಯದವರು ಕುದುರೆಗಳನ್ನು ಗುಡ್ಡ ಹತ್ತಿಸಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವರ ವಿದ್ಯೆ ಶ್ಲೋಕವಾಗಲಿಲ್ಲ, ಅಷ್ಟೆ.

ಹತ್ತಿಸದೆ ಗತಿಯೂ ಇರಲಿಲ್ಲ. ಭಟ್ಕಳ, ಹೊನ್ನಾವರಗಳಂಥ ರೇವುಗಳಲ್ಲಿ ಹಡಗಿನಿಂದಿಳಿದ ಅರಬ್ಬೀ ಕುದುರೆ ವಿಜಯನಗರದ ಲಾಯವನ್ನು ಸೇರಬೇಕಾದರೆ ಘಟ್ಟ ಏರಲೇಬೇಕು. ಸಮುದ್ರದ ಮೇಲೆ ದಿನಗಟ್ಟಲೆ ನಿಂತೇ ಬಂದ ಪ್ರಾಣಿಗೆ ಇದು ಎಂಥ ಪರೀಕ್ಷೆಯೆಂದು ಊಹಿಸಬಹುದು. ಸಾಳುವ ನರಸಿಂಹನು ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನೆಂದೂ, ಕಡಲಿನಲ್ಲೇ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಇಷ್ಟು ಬೆಲೆ ತೆತ್ತು ತಂದ ಪ್ರಾಣಿಯನ್ನು ಮತ್ತೆ ಕಸುವಿಗೆ ತಂದ ಕ್ರಮದ ವಿವರ ನಮ್ಮ ಕೈಗೆ ಬಂದಿದ್ದರೆ ಅದು ಯಾವ ಅಶ್ವಲಕ್ಷಣ ಗ್ರಂಥಕ್ಕಿಂತಲೂ ಬೆಲೆಯುಳ್ಳದ್ದಾಗುತ್ತಿತ್ತು.

ಅಶ್ವಸಾಧನೆಯನ್ನೇ ವಿಷಯವಾಗಿಸಿಕೊಂಡ ಅತಿ ಪ್ರಾಚೀನ ಬರಹ ಸಿಗುವುದು ಇಂದಿನ ತುರ್ಕಿಯಲ್ಲಿ. ಹಿಟೈಟರ ರಾಜಧಾನಿ ಹಟ್ಟೂಷದಲ್ಲಿ ದೊರೆತ ನಾಲ್ಕು ಮಣ್ಣಿನ ಫಲಕಗಳಲ್ಲಿ, ಸಾವಿರಕ್ಕೂ ಮಿಕ್ಕ ಸಾಲುಗಳಲ್ಲಿ, ಮಿತಾನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನು ರಥದ ಕುದುರೆಗಳನ್ನು ತಿಂಗಳುಗಟ್ಟಲೆ ದಿನದಿನವೂ ಹೇಗೆ ಪಳಗಿಸಬೇಕೆಂದು ಹೇಳಿದ್ದಾನೆ. ಕಾಲ ಕ್ರಿ.ಪೂ. 14ನೆಯ ಶತಮಾನದ ಸುಮಾರು. ಭಾಷಾವಿದ್ಯಾರ್ಥಿಗಳಿಗೆ ಈ ಫಲಕಗಳು ಇನ್ನೊಂದು ಕಾರಣಕ್ಕೆ ಪ್ರಸಿದ್ಧ: ಸುತ್ತುಗಳ ಎಣಿಕೆಗೆ ಕಿಕ್ಕುಲಿ ಬಳಸುವ ‘ಐಕವರ್ತನ್ನ’, ‘ತೇರವರ್ತನ್ನ’, ‘ಪಂಜವರ್ತನ್ನ’, ‘ಸತ್ತವರ್ತನ್ನ’ ಎಂಬ ಪದಗಳಲ್ಲಿ ನಮ್ಮ ಏಕ, ತ್ರಿ, ಪಂಚ, ಸಪ್ತಗಳು ಕಾಣುತ್ತವೆ. ‘ಸಪ್ತ’ದ ಬದಲು ‘ಸತ್ತ’ ಎಂದಿರುವುದನ್ನು ನೋಡಿದ ಕೂಡಲೇ ಪ್ರಾಕೃತ ಬಲ್ಲವರ ಕಿವಿ ನೆಟ್ಟಗಾಗುತ್ತದೆ. ಹಾಗೆಂದು ಮಿತಾನ್ನಿಯಲ್ಲಿ ಪ್ರಾಕೃತವಿತ್ತೆಂದು ಹೊರಡುವುದು ಆತುರವಾದೀತು. ಆ ರೂಪದ ಮೇಲೆ ಅಲ್ಲಿನ ಹುರ್ರಿಯನ್ ಭಾಷೆಯ ಪ್ರಭಾವವಿರಬಹುದೆಂಬ ವಿದ್ವಾಂಸರ ಅಭಿಪ್ರಾಯ ಹೆಚ್ಚು ಸಂಯಮದ್ದು. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದೆಂದರೆ ಕಿಕ್ಕುಲಿಯದು ಎಣಿಕೆಯ ವಿದ್ಯೆ ಎಂಬುದು. ಎಷ್ಟು ದೂರ, ಎಷ್ಟು ಸುತ್ತು, ಎಷ್ಟು ಮೇವು, ಎಷ್ಟು ಸಲ ನೀರಿನಲ್ಲಿ ಮೀಯಿಸುವುದು, ಯಾವಾಗ ಕಂಬಳಿ ಹೊದಿಸುವುದು ಎಲ್ಲಕ್ಕೂ ಅಳತೆಯಿದೆ. ಅವನ ಓಟದ ದಾರಿ ಮೈದಾನದ್ದು. ರಥಕ್ಕೆ ಅದೇ ತಕ್ಕದ್ದು.

ಬೆಟ್ಟದ ಓರೆಯನ್ನು ಪಾಠಶಾಲೆಯೆಂದು ಸ್ಪಷ್ಟವಾಗಿ ಕಂಡು ಬರೆದವನು ಅಥೆನ್ಸಿನ ಕ್ಸೆನಫನ್. ಸಾಕ್ರೆಟಿಸನ ಶಿಷ್ಯನಾಗಿ, ಪರ್ಷಿಯದ ಒಳನಾಡಿನಿಂದ ಹಿಂದಿರುಗಿದ ಗ್ರೀಕ್ ಬಾಡಿಗೆಪಡೆಯ ನಾಯಕರಲ್ಲಿ ಒಬ್ಬನಾಗಿ ಅವನು ನಮಗೆ ಪರಿಚಿತ. ಕ್ರಿ.ಪೂ. 401ರಲ್ಲಿ ಆರಂಭವಾದ ಆ ಹಿಮ್ಮೆಟ್ಟಿನಲ್ಲಿ ಅವನು ಕಂಡದ್ದು ಕಾರ್ಡೂಕಿಯರ ಬೆಟ್ಟಗಳನ್ನು, ಅರ್ಮೇನಿಯದ ಹಿಮವನ್ನು. ಕುದುರೆ ಹಿಮದಲ್ಲಿ ಹೊಟ್ಟೆಯ ತನಕ ಹೂತುಹೋಗದಂತೆ ಅದರ ಕಾಲುಗಳಿಗೆ ಸಣ್ಣ ಚೀಲಗಳನ್ನು ಕಟ್ಟಬೇಕೆಂದು ಅಲ್ಲಿನ ಒಬ್ಬ ಹಳ್ಳಿಯ ಮುಖ್ಯಸ್ಥ ಹೇಳಿಕೊಟ್ಟದ್ದನ್ನು ಅವನು ‘ಅನಬಾಸಿಸ್’ನಲ್ಲಿ ದಾಖಲಿಸಿದ್ದಾನೆ. ಇಂಥ ಅನುಭವದ ಮನುಷ್ಯ ಮುಂದೆ ಎರಡು ಪುಟ್ಟ ಗ್ರಂಥಗಳನ್ನು ಬರೆದ: ಒಂದು ಕುದುರೆಸವಾರಿಯನ್ನು ಕುರಿತದ್ದು, ಇನ್ನೊಂದು ಅಥೆನ್ಸಿನ ಅಶ್ವದಳದ ಅಧಿಪತಿಗೆ ಸಲಹೆಯ ರೂಪದ್ದು.

ಸವಾರಿಯ ಗ್ರಂಥದಲ್ಲಿ ಕುದುರೆಯ ಪರೀಕ್ಷೆ ಗೊರಸಿನಿಂದ ಆರಂಭವಾಗುತ್ತದೆ. ಅಡಿಪಾಯ ಸರಿಯಿಲ್ಲದ ಮನೆಯ ಮೇಲಂತಸ್ತು ಎಷ್ಟು ಚೆನ್ನಾಗಿದ್ದರೇನು ಎಂಬ ತರ್ಕ ಅವನದು. ಆ ಕಾಲದಲ್ಲಿ ಮೊಳೆ ಹೊಡೆದ ಲಾಳವಿಲ್ಲ, ರಿಕಾಪಿಲ್ಲ, ಮರದ ಚೌಕಟ್ಟಿನ ಜೀನಿಲ್ಲ. ಆದ್ದರಿಂದ ಗೊರಸನ್ನು ಗಟ್ಟಿ ಮಾಡುವ ಕೆಲಸ ನೆಲದ್ದೇ. ಲಾಯದ ಹೊರಗಿನ ಅಂಗಳಕ್ಕೆ ನಾಲ್ಕೈದು ಗಾಡಿ ದುಂಡುಗಲ್ಲು ಸುರಿಸಬೇಕು. ಒಂದೊಂದೂ ಹಿಡಿತುಂಬುವಷ್ಟು, ಒಂದು ಮಿನ ತೂಕದ್ದು, ಅಂದರೆ ಅರ್ಧ ಕಿಲೋಗಿಂತ ಕೊಂಚ ಕಡಿಮೆ. ಕಲ್ಲು ಚೆದುರದಂತೆ ಸುತ್ತ ಕಬ್ಬಿಣದ ಅಂಚು ಕಟ್ಟಬೇಕು. ಮೈ ಉಜ್ಜಿಸಿಕೊಳ್ಳುವಾಗ, ನೊಣಕ್ಕೆ ಕಾಲು ಝಾಡಿಸುವಾಗ ಕುದುರೆ ಈ ಕಲ್ಲುಗಳ ಮೇಲೆ ನಡೆದಂತೆಯೇ ಆಗುತ್ತದೆ. ನಿಂತಲ್ಲೇ ಸಾಗುವ ಈ ಸಾಧನೆಯ ಯೋಚನೆ ನನಗೆ ಬಹಳ ಮೆಚ್ಚುಗೆಯಾದದ್ದು. ಕುದುರೆಗೆ ತಾನು ದುಡಿಯುತ್ತಿದ್ದೇನೆಂದೇ ತಿಳಿಯುವುದಿಲ್ಲ.

ಎಂಟನೆಯ ಅಧ್ಯಾಯದಲ್ಲಿ ಬೆಟ್ಟ ಬರುತ್ತದೆ. ಕುದುರೆ ಏರಿನಲ್ಲಿ, ಇಳಿಜಾರಿನಲ್ಲಿ, ಓರೆಯಲ್ಲಿ ಓಡಬೇಕಾಗುತ್ತದೆ. ಹಳ್ಳ ಹಾರಬೇಕು, ದಿಬ್ಬದ ಮೇಲಕ್ಕೆ ನೆಗೆಯಬೇಕು, ಕೆಳಕ್ಕೆ ಧುಮುಕಬೇಕು. ಇವನ್ನು ಕುದುರೆಗೂ ಕಲಿಸಬೇಕು, ಸವಾರನೂ ಕಲಿಯಬೇಕು. ಹಳ್ಳ ಕಂಡರಿಯದ ಕುದುರೆಯನ್ನು ಹಗ್ಗ ಹಿಡಿದು, ತಾನು ಮೊದಲು ದಾಟಿ, ಆಚೆಯಿಂದ ಸೆಳೆಯಬೇಕು. ಇಳಿಜಾರಿನ ಅಭ್ಯಾಸವನ್ನು ಮೆತ್ತನೆಯ ನೆಲದಲ್ಲಿ ಆರಂಭಿಸಬೇಕು. ಇಳಿಯುವಾಗ ಸವಾರ ಹಿಂದಕ್ಕೆ ವಾಲಿ ಕಡಿವಾಣದಿಂದ ಕುದುರೆಗೆ ಆಸರೆ ಕೊಡಬೇಕು. ಹಳ್ಳ ಹಾರುವಾಗ, ಏರು ಹತ್ತುವಾಗ ಜೂಲು ಹಿಡಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ನೆಲದ ಕಷ್ಟದ ಜೊತೆಗೆ ಕಡಿವಾಣದ ಕಷ್ಟವೂ ಕುದುರೆಗೆ ಬರಬಾರದು. ರಿಕಾಪಿಲ್ಲದ ಕಾಲದ ಮಾತಿದು ಎಂಬುದನ್ನು ನೆನೆದರೆ ಇದರ ಕಾಳಜಿ ಇನ್ನೂ ಸ್ಪಷ್ಟವಾಗುತ್ತದೆ: ಸಮತೋಲ ತಪ್ಪಿದ ಸವಾರ ಸಹಜವಾಗಿ ಜಗ್ಗುವುದು ಲಗಾಮನ್ನೇ, ನೋಯುವುದು ಕುದುರೆಯ ಬಾಯಿ.

ಇಳಿಜಾರಿನಲ್ಲಿ ಓಡಿಸಿದರೆ ಕುದುರೆಯ ಹೆಗಲು ಮುರಿಯುತ್ತದೆಂಬ ಭಯ ಆಗಿನ ಗ್ರೀಕರಲ್ಲಿತ್ತು. ಕ್ಸೆನಫನ್ ಅದಕ್ಕೆ ಕೊಡುವ ಉತ್ತರ ಶಾಸ್ತ್ರದ್ದಲ್ಲ, ಕಂಡದ್ದರದು. ಪರ್ಷಿಯನ್ನರೂ ಥ್ರೇಸಿನ ಓಡ್ರಿಸಿಯನ್ನರೂ ಇಳಿಜಾರಿನಲ್ಲೇ ಪಂದ್ಯ ಓಡಿಸುತ್ತಾರೆ, ಅವರ ಕುದುರೆಗಳ ಕಾಲು ಗ್ರೀಕರ ಕುದುರೆಗಳ ಕಾಲಿಗಿಂತ ಕಡಿಮೆಯೇನಲ್ಲ ಎನ್ನುತ್ತಾನೆ. ಇವನು ಆ ಇಬ್ಬರ ಜೊತೆಯಲ್ಲೂ ಇದ್ದು ಬಂದವನು. ಇದರ ಬೆನ್ನಿಗೇ ಮತ್ತೊಂದು ಮಾತಿದೆ, ಓದುವಾಗ ಕಣ್ಣುತಪ್ಪುವಷ್ಟು ಚಿಕ್ಕದು: ಅಭ್ಯಾಸದ ಜಾಗವನ್ನೂ ಅವಧಿಯನ್ನೂ ಬದಲಿಸುತ್ತಿರಬೇಕು, ಒಂದೇ ಜಾಗದಲ್ಲಿ ಒಂದೇ ಬಗೆಯ ದುಡಿಮೆ ಕುದುರೆಗೆ ಬೇಸರ ತರುತ್ತದೆ. ಕುದುರೆಗೆ ಬೇಸರವಾಗಬಹುದೆಂದು ಲೆಕ್ಕಕ್ಕೆ ತೆಗೆದುಕೊಂಡವನು ಎಂಬ ಕಾರಣಕ್ಕೇ ಇವನನ್ನು ಕಿಕ್ಕುಲಿಯಿಂದ ಬೇರೆಯಾಗಿ ನಿಲ್ಲಿಸಬೇಕಾಗುತ್ತದೆ.

ಏರು ಮತ್ತು ಇಳಿತ ಕುದುರೆಯ ದೇಹಕ್ಕೆ ಮಾಡುವುದೇನೆಂದು ಇಂದಿನ ಪಶುವೈದ್ಯ ವಿಜ್ಞಾನ ಹೇಳಬಲ್ಲದು. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಏರುವಾಗ ಭಾರ ಹಿಂಗಾಲುಗಳ ಕಡೆಗೆ ಸರಿಯುತ್ತದೆ, ತೊಡೆ-ಸೊಂಟಗಳ ಸ್ನಾಯುಗಳು ದೇಹವನ್ನು ಮೇಲಕ್ಕೆ ನೂಕಬೇಕಾಗುತ್ತದೆ. ಮುಖ್ಯವಾಗಿ, ಸಮನೆಲದ ನಾಗಾಲೋಟದಲ್ಲಿ ಹೃದಯ ಮತ್ತು ಶ್ವಾಸಕೋಶಗಳಿಗೆ ದೊರೆಯುವ ದುಡಿಮೆ ಏರಿನಲ್ಲಿ ಕಡಿಮೆ ವೇಗದಲ್ಲೇ ದೊರೆಯುತ್ತದೆ. ವೇಗ ಕಡಿಮೆಯಾದಷ್ಟೂ ಮುಂಗಾಲಿನ ಮೂಳೆಗೂ ಸ್ನಾಯುರಜ್ಜುವಿಗೂ ಬೀಳುವ ಪೆಟ್ಟು ಕಡಿಮೆ. ಇಳಿಜಾರಿನಲ್ಲಿ ಇದು ತಲೆಕೆಳಗು; ಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಗ್ರೀಕರ ಭಯಕ್ಕೆ ಆಧಾರವಿತ್ತು, ಮೆತ್ತನೆಯ ನೆಲದಲ್ಲಿ ಆರಂಭಿಸೆಂಬ ಕ್ಸೆನಫನ್‌ನ ಎಚ್ಚರಿಕೆಗೂ ಇತ್ತು. ಇನ್ನೊಂದು ವಿಷಯ: ಹೃದಯ ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ, ಮೂಳೆಗೂ ಸ್ನಾಯುರಜ್ಜುವಿಗೂ ತಿಂಗಳುಗಳೇ ಬೇಕು. ಉಸಿರು ಗಟ್ಟಿಯಾಯಿತೆಂದು ಕಾಲೂ ಗಟ್ಟಿಯಾಗಿದೆಯೆಂದು ಭಾವಿಸುವುದೇ ಅಶ್ವಸಾಧನೆಯ ಹಳೆಯ ತಪ್ಪು.

ಕ್ಸೆನಫನ್‌ನ ಅನಂತರ ಯುರೋಪಿನಲ್ಲಿ ಸವಾರಿಯ ವಿದ್ಯೆ ಬಹುಕಾಲ ಅರಮನೆಯ ಮುಚ್ಚಿದ ಅಂಗಳಗಳಲ್ಲಿ ಬೆಳೆಯಿತು, ನಮ್ಮ ವಿನೋದದ ಬಯಲಿನಂತೆಯೇ. ಓರೆಯ ನೆಲವನ್ನು ಮತ್ತೆ ಪಾಠದ ಮಧ್ಯಕ್ಕೆ ತಂದವನು ಇಟಲಿಯ ಅಶ್ವದಳದ ಅಧಿಕಾರಿ ಫೆಡರಿಕೊ ಕಾಪ್ರಿಲ್ಲಿ (1868–1907). ಪಿನೆರೊಲೊ ಮತ್ತು ರೋಮಿನ ಬಳಿಯ ಟೋರ್ ದಿ ಕ್ವಿಂತೊ ಶಾಲೆಗಳಲ್ಲಿ ಅವನ ಪದ್ಧತಿ ಬೆಳೆಯಿತು. ಟೋರ್ ದಿ ಕ್ವಿಂತೊದ ಗೋಡೆಯಂಥ ಕಡಿದಾದ ಇಳಿಜಾರಿನಲ್ಲಿ ಸವಾರರು ಕುದುರೆಯೊಂದಿಗೆ ಜಾರಿಬರುವ ಚಿತ್ರಗಳು ಜಗತ್ತಿನಾದ್ಯಂತ ಹೆಸರಾದವು. ಆ ಚಿತ್ರಗಳಲ್ಲಿ ಗಮನಿಸಬೇಕಾದದ್ದು ಸವಾರನ ಭಂಗಿ: ಅವನು ಹಿಂದಕ್ಕೆ ವಾಲಿಲ್ಲ, ಮುಂದಕ್ಕೆ ಬಾಗಿ ಕುದುರೆಯ ಬೆನ್ನನ್ನು ಹಗುರಗೊಳಿಸಿದ್ದಾನೆ. ಕ್ಸೆನಫನ್ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಆದರೆ ನೆಲ ಒಡ್ಡುವ ಕಷ್ಟದ ಮೇಲೆ ಸವಾರನೂ ಕಷ್ಟವಾಗಬಾರದೆಂಬ ಆಧಾರಸೂತ್ರ ಇಬ್ಬರಲ್ಲೂ ಒಂದೇ. ಕಾಪ್ರಿಲ್ಲಿಗೆ ರಿಕಾಪಿತ್ತು, ಕ್ಸೆನಫನ್‌ಗೆ ಇರಲಿಲ್ಲ. ಭಂಗಿಯ ವ್ಯತ್ಯಾಸದ ಬಹುಪಾಲು ಅಲ್ಲಿಯೇ ಇದೆ ಎಂದು ನನ್ನ ಊಹೆ. ಇಂಥ ಇಳಿಜಾರುಗಳನ್ನು ಗೆದ್ದವನು 39ನೆಯ ವಯಸ್ಸಿನಲ್ಲಿ ತೂರಿನ್ ನಗರದಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ.

ಇಲ್ಲಿಯವರೆಗೆ ನೋಡಿದ ಓರೆಗಳು ಹೆಚ್ಚಾಗಿ ಪ್ರಕೃತಿ ಕೊಟ್ಟವು. ಕುದುರೆಯ ಹೃದಯವನ್ನು ಗುರಿಯಾಗಿಟ್ಟುಕೊಂಡು, ಅಳತೆ ಹಾಕಿ, ಏರುದಾರಿಯನ್ನು ಮನುಷ್ಯನೇ ಕಟ್ಟಿದ ನಿದರ್ಶನಗಳಲ್ಲಿ ಅದರ ಪರಿಣಾಮ ಎದ್ದುಕಾಣುವುದು ಜಪಾನಿನಲ್ಲಿ. ಅಲ್ಲಿನ ಪಂದ್ಯದ ಕುದುರೆಗಳಿಗೆ ಎರಡು ದೊಡ್ಡ ತರಬೇತಿ ಕೇಂದ್ರಗಳಿವೆ: ಪಶ್ಚಿಮದ ಶಿಗಾ ಪ್ರಾಂತದಲ್ಲಿ 1969ರಲ್ಲಿ ತೆರೆದ ರಿತ್ತೊ, ಪೂರ್ವದ ಇಬಾರಾಕಿ ಪ್ರಾಂತದಲ್ಲಿ 1978ರಲ್ಲಿ ತೆರೆದ ಮಿಹೊ. 1985ರಲ್ಲಿ ರಿತ್ತೊದಲ್ಲಿ ಒಂದು ಏರುದಾರಿ ಬಳಕೆಗೆ ಬಂತು. ಹಂತಹಂತವಾಗಿ ಬೆಳೆದು ಅದು 1,085 ಮೀಟರ್ ಉದ್ದದ, 32 ಮೀಟರ್ ಎತ್ತರಕ್ಕೇರುವ ದಾರಿಯಾಯಿತು. ಅಂದರೆ ಸರಾಸರಿ ನೂರು ಮೀಟರಿಗೆ ಮೂರು ಮೀಟರ್ ಏರು. ನಡೆದು ಹೋಗುವವರಿಗೆ ಏರೆಂದೇ ಅನ್ನಿಸದಷ್ಟು. ನಾಗಾಲೋಟದ ಕುದುರೆಗೆ ಅದು ಸಾಕು. ಮೇಲ್ಮೈಗೆ ಹಾಸಿರುವುದು ಮರದ ಚಕ್ಕೆಯ ಚೂರು, ಗೊರಸಿನ ಪೆಟ್ಟನ್ನು ನುಂಗುವುದಕ್ಕಾಗಿ. ಓಡಿ ಏರಿದ ಕುದುರೆ ಬೇರೆ ದಾರಿಯಲ್ಲಿ ನಡೆಯುತ್ತ ಇಳಿಯುತ್ತದೆ. ಏರಿನ ಲಾಭವೂ ಬೇಕು, ಇಳಿತದ ಪೆಟ್ಟೂ ಬೇಡ ಎಂಬುದಕ್ಕೆ ಕಂಡುಕೊಂಡ ಉಪಾಯವಿದು.

1980ರ ದಶಕದ ಕೊನೆಯ ಹೊತ್ತಿಗೆ ಪಶ್ಚಿಮದ ಕುದುರೆಗಳು ಪೂರ್ವದವನ್ನು ಮೇಲಿಂದ ಮೇಲೆ ಸೋಲಿಸತೊಡಗಿದವು. ಜಪಾನಿನ ಚಳಿಗಾಲದ ಹವಾಮಾನ ನಕ್ಷೆಯ ಒಂದು ಮಾತನ್ನು, ‘ಪಶ್ಚಿಮ ಮೇಲು, ಪೂರ್ವ ಕೆಳಗು’ ಎಂಬುದನ್ನು, ಪಂದ್ಯಲೋಕ ತನ್ನದಾಗಿಸಿಕೊಂಡಿತು. ಕಾರಣ ಏರುದಾರಿ ಒಂದೇ ಅಲ್ಲದಿರಬಹುದು, ಆದರೆ ಮುಖ್ಯ ಕಾರಣಗಳಲ್ಲಿ ಅದೊಂದೆಂದು ಎಲ್ಲರೂ ಎಣಿಸುತ್ತಾರೆ. ಈ ದಾರಿಯನ್ನು ತೀವ್ರವಾಗಿ ನಂಬಿದವನು ತರಬೇತುದಾರ ತೊಯಾಮಾ ತಮೆಒ. ವಂಶದಲ್ಲಿ ಕೊರತೆಯಿರುವ ಕುದುರೆಯನ್ನೂ ಸಾಧನೆಯಿಂದ ಮೇಲಕ್ಕೆತ್ತಬಹುದೆಂಬುದು ಅವನ ಸಿದ್ಧಾಂತ. ಅವನ ಕೈಯಲ್ಲಿ ಬೆಳೆದ ಮಿಹೊನೊ ಬರ್ಬನ್ ಅಗ್ಗದ ಬೆಲೆಗೆ ಕೊಂಡ ಕುದುರೆ; ಅದರ ವಂಶ ನೋಡಿದವರು ಇದು ಚಿಕ್ಕ ದೂರದ ಓಟಗಾರ, ದೂರದ ಪಂದ್ಯ ಇದಕ್ಕಲ್ಲ ಎಂದಿದ್ದರು. ಇತರ ಕುದುರೆಗಳು ದಿನಕ್ಕೆ ಒಂದೆರಡು ಸಲ ಏರುವ ದಾರಿಯನ್ನು ಇದು ನಾಲ್ಕು ಸಲ ಏರಿತು. 1992ರಲ್ಲಿ 2,000 ಮೀಟರಿನ ಸತ್ಸುಕಿ ಷೊ ಪಂದ್ಯವನ್ನೂ 2,400 ಮೀಟರಿನ ಜಪಾನ್ ಡರ್ಬಿಯನ್ನೂ ಸೋಲಿಲ್ಲದೆ ಗೆದ್ದುಕೊಂಡಿತು.

ಕುಲ, ಲಕ್ಷಣ, ಸುಳಿಗಳ ನಮ್ಮ ಅಶ್ವಶಾಸ್ತ್ರಗಳನ್ನು ಓದಿ ಈ ವೃತ್ತಾಂತಕ್ಕೆ ಬಂದವರಿಗೆ, ಪಂಪಭಾರತದಲ್ಲಿ ಕರ್ಣನ ಸುತ್ತ ಏಳುವ ಕುಲದ ವಾಗ್ವಾದ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ವಾದ ಅಷ್ಟು ಸುಲಭವಾಗಿ ಒಂದು ಪಕ್ಷಕ್ಕೆ ಒಲಿಯಲಿಲ್ಲ. ಅದೇ ವರ್ಷದ ಶರತ್ಕಾಲದ ಕಿಕ್ಕಾ ಷೊ 3,000 ಮೀಟರಿನದು. ಗೆದ್ದದ್ದು ದೀರ್ಘ ದೂರದ ರೈಸ್ ಷವರ್. ಬರ್ಬನ್‌ಗೆ ಎರಡನೆಯ ಸ್ಥಾನ. ಅದಾದ ಮೇಲೆ ಕಾಲಿನ ತೊಂದರೆಗಳಿಂದ ಆ ಕುದುರೆ ಮತ್ತೆ ಪಂದ್ಯಕ್ಕೆ ಇಳಿಯಲೇ ಇಲ್ಲ. ನಾಲ್ಕು ಏರುಗಳು ಹೃದಯಕ್ಕೆ ಕೊಟ್ಟದ್ದನ್ನು ಕಾಲಿನಿಂದ ಕಸಿದುಕೊಂಡವೆಂದು ಹೇಳುವುದು ಸಲ್ಲದು, ಪಂದ್ಯದ ಕುದುರೆಯ ಕಾಲು ನೋಯುವುದಕ್ಕೆ ಕಾರಣಗಳು ಬೇಕಾದಷ್ಟು. ಆ ಪ್ರಶ್ನೆಯನ್ನು ಕೇಳದೆ ಇರುವುದೂ ಸಲ್ಲದು. ತೊಯಾಮಾ 1993ರಲ್ಲಿ ತೀರಿಕೊಂಡ. ಅದೇ ವರ್ಷ ಪೂರ್ವದ ಮಿಹೊದಲ್ಲಿಯೂ ಏರುದಾರಿ ತೆರೆಯಿತು. ಅದರ ಎತ್ತರ 18 ಮೀಟರ್ ಮಾತ್ರ. ಮೂವತ್ತು ವರ್ಷ ಅದೇ ದಾರಿಯಲ್ಲಿ ಓಡಿಸಿದ ಮೇಲೆ ಅದನ್ನು ಹೊಸದಾಗಿ ಕಟ್ಟಿ, 2023ರಲ್ಲಿ ಎತ್ತರವನ್ನು 33 ಮೀಟರಿಗೆ, ರಿತ್ತೊಗಿಂತ ಒಂದು ಮೀಟರ್ ಹೆಚ್ಚಿಗೆ, ತಂದರು.